ಓದುಗರ ಪ್ರಶ್ನೆ: ಸಿನಿಮಾ ಕಸುಬನ್ನು ಎಲ್ಲಿಂದ ಕಲಿಯಬೇಕು?

ಸಿನಿಮಾ ಮಾಡುವುದನ್ನು ಕಲಿಯುವ ಬಗೆ ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿರುವ ಕಡೆ ಒಬ್ಬರ ಪತ್ರವನ್ನಷ್ಟೇ ಕೊಟ್ಟು, ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಬಿ.ಫಾರ್ಮಾ ಕೊನೆಯ ವರ್ಷದ ವಿದ್ಯಾರ್ಥಿ. ನಿರ್ದೇಶಕನಾಗಬೇಕೆಂಬ ಆಸೆಯಿದೆ. ಮನೆಯಲ್ಲಿ ಮೊದಲು ಒಂದು ಕೆಲಸ ಹಿಡಿ ಎನ್ನುತ್ತಿದ್ದಾರೆ. ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರುವುದು ಒಳ್ಳೆಯದೋ, ನಿರ್ದೇಶಕರೊಬ್ಬರ ಬಳಿ ಸಹಾಯಕನಾಗುವುದು ಒಳ್ಳೆಯದೋ?
— ವಿದ್ಯಾರ್ಥಿ, ಹಾಸನ

ಉತ್ತರ: ಎರಡೂ ದಾರಿಯಲ್ಲಿ ನಡೆದು ಗೆದ್ದವರು ನಮ್ಮಲ್ಲಿದ್ದಾರೆ. ಗಿರೀಶ ಕಾಸರವಳ್ಳಿಯವರು ನಿಮ್ಮಂತೆಯೇ ಫಾರ್ಮಸಿ ಓದಿ, ಆಮೇಲೆ ಪುಣೆಯ ಇನ್‌ಸ್ಟಿಟ್ಯೂಟ್ ಸೇರಿ, 1977ರ ತಮ್ಮ ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದವರು. ಪುಟ್ಟಣ್ಣ ಕಣಗಾಲರು ಬಿ.ಆರ್. ಪಂತುಲು ಅವರ ಕೈಕೆಳಗೆ ದುಡಿದು ಕಲಿತವರು. ಸತ್ಯಜಿತ್ ರಾಯ್ ಈ ಎರಡೂ ಅಲ್ಲದ ಮೂರನೆಯ ದಾರಿಯವರು. ಜಾಹೀರಾತು ಕಂಪನಿಯ ನೌಕರಿಯಲ್ಲಿದ್ದುಕೊಂಡೇ 1947ರಲ್ಲಿ ಗೆಳೆಯರೊಡನೆ ಕಲ್ಕತ್ತ ಫಿಲ್ಮ್ ಸೊಸೈಟಿ ಕಟ್ಟಿ, ನೋಡಿ ನೋಡಿಯೇ ಕಲಿತು, 1955ರಲ್ಲಿ ಮೊದಲ ಚಿತ್ರವನ್ನು ತೆರೆಗೆ ತಂದರು. ಆದ್ದರಿಂದ ಮನೆಯವರ ಮಾತು ನಿಮ್ಮ ಆಸೆಗೆ ವಿರುದ್ಧವಾದುದೆಂದು ಈಗಲೇ ತೀರ್ಮಾನಿಸಬೇಕಾಗಿಲ್ಲ.

ಪುಣೆಯ ಸಂಸ್ಥೆ 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಆರಂಭವಾಯಿತು. ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ 1995ರಲ್ಲಿ ಬಂದಿತು. ಎರಡರಲ್ಲೂ ನಿರ್ದೇಶನ ವಿಭಾಗಕ್ಕೆ ಪದವಿ ಬೇಕು, ಅದು ಯಾವ ವಿಷಯದ್ದಾದರೂ ಆದೀತು. ಪ್ರವೇಶ ಪರೀಕ್ಷೆ ಮಾತ್ರ ಕಠಿಣ. ಛಾಯಾಗ್ರಹಣ ಅಥವಾ ಧ್ವನಿಗ್ರಹಣದಲ್ಲಿ ಒಲವಿರುವವರು ಹೆಸರಘಟ್ಟದ ಸರ್ಕಾರಿ ಸಂಸ್ಥೆಯನ್ನು ಮರೆಯಬಾರದು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ 1940ರ ದಶಕದಲ್ಲಿಯೇ ನಡೆಯುತ್ತಿದ್ದ ತರಗತಿಗಳ ಮುಂದುವರಿಕೆ ಅದು. ಗುರುದತ್ ಅವರ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಮೈಸೂರಿನ ವಿ.ಕೆ. ಮೂರ್ತಿಯವರೂ, ಮುಂದೆ ನಿರ್ದೇಶಕರಾದ ಗೋವಿಂದ ನಿಹಲಾನಿಯವರೂ ಅಲ್ಲಿ ಓದಿದವರು.

ಇನ್‌ಸ್ಟಿಟ್ಯೂಟಿನಲ್ಲಿ ಸಿಗುವ ದೊಡ್ಡ ಲಾಭವೆಂದರೆ ತಪ್ಪು ಮಾಡುವ ಸ್ವಾತಂತ್ರ್ಯ ಮತ್ತು ಸಹಪಾಠಿಗಳು. ನಿಮ್ಮ ಚಿತ್ರಕ್ಕೆ ಕ್ಯಾಮೆರಾ ಹಿಡಿಯುವವನೂ ಸಂಕಲನ ಮಾಡುವವಳೂ ನಿಮ್ಮಷ್ಟೇ ಹಸಿವಿರುವವರಾಗಿರುತ್ತಾರೆ, ನಿಮ್ಮ ಶಾಟ್ ಏಕೆ ಕೂಡುತ್ತಿಲ್ಲವೆಂದು ಮುಖದ ಮೇಲೆ ಹೇಳುತ್ತಾರೆ. ಸಹಾಯಕನಾಗಿ ಹೋದರೆ ಶಿಸ್ತು, ಕಾಲದ ಲೆಕ್ಕ, ಅರವತ್ತೆಪ್ಪತ್ತು ಜನರನ್ನು ಒಂದು ದಿನದ ಬೆಳಕಿನೊಳಗೆ ದುಡಿಸುವ ಚಾಕಚಕ್ಯತೆ ಇವು ಬರುತ್ತವೆ. ಆದರೆ ನಿಮ್ಮದೇ ಒಂದು ಶಾಟ್ ಇಡುವ ಅವಕಾಶ ವರ್ಷಗಟ್ಟಲೆ ಬಾರದೆ ಹೋಗಬಹುದು. ನನ್ನ ಸಲಹೆ ಇಷ್ಟೇ: ಎರಡರಲ್ಲಿ ಒಂದನ್ನು ಆರಿಸುವ ಮೊದಲು ಐದು ನಿಮಿಷದ ಒಂದು ಚಿತ್ರವನ್ನು ಗೆಳೆಯರೊಡನೆ ಮಾಡಿ, ಅದನ್ನು ನೀವೇ ಕುಳಿತು ಸಂಕಲನ ಮಾಡಿ. ಚಿತ್ರೀಕರಣದ ದಿನ ಎಲ್ಲರಿಗೂ ಹಬ್ಬವೇ. ಆಮೇಲಿನ ಹದಿನೈದು ದಿನ ಒಂಟಿಯಾಗಿ ಕುಳಿತು, ತಾನು ತೆಗೆದದ್ದು ಕೂಡದಿರುವುದನ್ನು ನೋಡುತ್ತ, ಅದನ್ನು ಕೂಡಿಸುವ ಕೆಲಸ ನಿಮಗೆ ರುಚಿಸುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ರುಚಿಸದಿದ್ದರೆ ನೀವು ಸಿನಿಮಾವನ್ನು ನೋಡುವುದನ್ನಷ್ಟೇ ಪ್ರೀತಿಸುತ್ತೀರಿ ಎಂದು ಅರ್ಥ, ಅದರಲ್ಲಿ ತಪ್ಪೇನೂ ಇಲ್ಲ.

ಮೂರು ತಿಂಗಳಲ್ಲಿ ನಿರ್ದೇಶಕರನ್ನು ತಯಾರು ಮಾಡುವುದಾಗಿ ಹೇಳುವ ಖಾಸಗಿ ತರಬೇತಿಗಳ ಬಗ್ಗೆಯೂ ಕೇಳಿದ್ದೀರಿ. ಹಣ ಕಟ್ಟುವ ಮೊದಲು ಅಲ್ಲಿ ಓದಿ ಹೊರಬಂದವರ ಚಿತ್ರಗಳನ್ನು ತೋರಿಸಿರೆಂದು ಕೇಳಿ; ತೋರಿಸದಿದ್ದರೆ ಕಟ್ಟಬೇಡಿ.

ಪ್ರಶ್ನೆ: ನನ್ನ ಬಳಿ ಅರವತ್ತು ಸಾವಿರ ರೂಪಾಯಿ ಇದೆ. ಯಾವ ಕ್ಯಾಮೆರಾ ಕೊಳ್ಳಲಿ?
— ಓದುಗರು, ಚಿಕ್ಕಮಗಳೂರು

ಉತ್ತರ: ಯಾವುದನ್ನೂ ಕೊಳ್ಳಬೇಡಿ. ನಿಮ್ಮ ಕೈಲಿರುವ ಮೊಬೈಲ್ ಫೋನು ಕಲಿಕೆಗೆ ಸಾಕು. ಆ ಹಣದಲ್ಲಿ ಮೊದಲು ಒಂದು ಗಟ್ಟಿಯಾದ ಟ್ರೈಪಾಡ್, ಸಾಧಾರಣ ದರದ ಒಂದು ಧ್ವನಿಮುದ್ರಕ, ಒಂದು ಮೈಕು, ಒಂದು ಹಾರ್ಡ್‌ಡಿಸ್ಕ್ ತೆಗೆದುಕೊಳ್ಳಿ. ಉಳಿದದ್ದನ್ನು ನಟರ ಊಟ, ಓಡಾಟಗಳಿಗೆ ಇಟ್ಟುಕೊಳ್ಳಿ. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಿದೆ. ಒಳ್ಳೆಯ ಕ್ಯಾಮೆರಾ ಒಂದೆರಡು ದಿನಕ್ಕೆ ಬಾಡಿಗೆಗೆ ಸಿಗುತ್ತದೆ, ಬೇಕಾದಾಗ ತರಬಹುದು. ಚಿತ್ರ ಸ್ವಲ್ಪ ಮಸುಕಾಗಿದ್ದರೆ ನೋಡುಗ ಸಹಿಸುತ್ತಾನೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾನೆ.

ಪ್ರಶ್ನೆ: ಶಾಲೆಯ ಮಕ್ಕಳನ್ನು ಇಟ್ಟುಕೊಂಡು ಒಂದು ಕಿರುಚಿತ್ರ ಮಾಡಿದೆವು. ಇಬ್ಬರು ಎದುರುಬದುರು ಕುಳಿತು ಮಾತನಾಡುವ ದೃಶ್ಯವನ್ನು ಬೇರೆ ಬೇರೆ ಶಾಟ್‌ಗಳಲ್ಲಿ ತೆಗೆದು ಜೋಡಿಸಿದಾಗ, ಅವರು ಒಬ್ಬರನ್ನೊಬ್ಬರು ನೋಡುತ್ತಿರುವಂತೆ ಕಾಣುವುದೇ ಇಲ್ಲ. ಇಬ್ಬರೂ ಯಾರೋ ಮೂರನೆಯವರನ್ನು ನೋಡುತ್ತಿರುವಂತಿದೆ. ಕೆಲವು ಕಡೆ ಚಿತ್ರ ಎಗರಿದಂತೆಯೂ ಆಗುತ್ತದೆ. ಏಕೆ?
— ಶಿಕ್ಷಕಿ, ಶಿರಸಿ

ಉತ್ತರ: ಈ ಕಂತಿಗೆ ಬಂದ ಪ್ರಶ್ನೆಗಳಲ್ಲಿ ಇದು ಅತ್ಯಂತ ಉಪಯುಕ್ತವಾದುದು. ಇದಕ್ಕೆ ಉತ್ತರ ಸಿಕ್ಕರೆ ಸಿನಿಮಾ ವ್ಯಾಕರಣದ ಅರ್ಧ ಭಾಗ ಸಿಕ್ಕಂತೆಯೇ. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ದೃಶ್ಯವನ್ನು ಇಟ್ಟುಕೊಳ್ಳೋಣ. ಕಿರಾಣಿ ಅಂಗಡಿಯ ಮೇಜಿನ ಹಿಂದೆ ಅಣ್ಣ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದಾನೆ. ಮೇಜಿನ ಈಚೆಗೆ, ಸಾಲ ಕೇಳಲು ಬಂದ ತಮ್ಮ ಕುಳಿತಿದ್ದಾನೆ. ಇಬ್ಬರ ಮೂಗಿನಿಂದ ಮೂಗಿಗೆ ಒಂದು ದಾರ ಕಟ್ಟಿದೆಯೆಂದು ಭಾವಿಸಿ. ಆ ದಾರದ ಒಂದು ಬದಿಯಲ್ಲಿ, ಉದಾಹರಣೆಗೆ ರಸ್ತೆಯ ಬದಿಯಲ್ಲಿ, ಕ್ಯಾಮೆರಾ ಇಟ್ಟರೆ ಅಣ್ಣ ತೆರೆಯ ಬಲಕ್ಕೆ ನೋಡುತ್ತಾನೆ, ತಮ್ಮ ಎಡಕ್ಕೆ ನೋಡುತ್ತಾನೆ. ಬೇರೆ ಬೇರೆಯಾಗಿ ತೆಗೆದರೂ ಜೋಡಿಸಿದಾಗ ಇಬ್ಬರ ನೋಟಗಳು ಸಂಧಿಸುತ್ತವೆ. ತಮ್ಮನ ಶಾಟ್‌ಗಾಗಿ ಕ್ಯಾಮೆರಾ ದಾರವನ್ನು ದಾಟಿ ಗೋಡೆಯ ಬದಿಗೆ ಹೋಯಿತೆಂದರೆ ಅವನೂ ಬಲಕ್ಕೇ ನೋಡತೊಡಗುತ್ತಾನೆ. ನಿಮ್ಮ ಚಿತ್ರದಲ್ಲಿ ಆಗಿರುವುದು ಇದೇ. ನಮ್ಮ ಸೆಟ್ಟುಗಳಲ್ಲಿ ಇದನ್ನು ಲೈನ್ ಕ್ರಾಸ್ ಆಯಿತು ಎನ್ನುತ್ತಾರೆ. ಶಾಲೆಯ ಕೋಣೆ ಚಿಕ್ಕದಾಗಿದ್ದು, ಜಾಗ ಸಾಲದೆ ಟ್ರೈಪಾಡನ್ನು ಇನ್ನೊಂದು ಬದಿಗೆ ಒಯ್ದಿರಬಹುದು. ಸಾಮಾನ್ಯವಾಗಿ ಹಾಗೆಯೇ ಆಗುವುದು.

ಲೈನು ದಾಟಲೇಬಾರದೆಂದಲ್ಲ, ನೋಡುಗನ ಕಣ್ಣೆದುರಿಗೇ ದಾಟಬೇಕು. ಒಂದೇ ಶಾಟಿನೊಳಗೆ ಕ್ಯಾಮೆರಾ ನಿಧಾನವಾಗಿ ಆಚೆಗೆ ಸರಿಯಬಹುದು. ತಮ್ಮ ಎದ್ದು ಮೇಜು ಬಳಸಿ ಹೋಗಿ ನಿಲ್ಲಬಹುದು, ಆಗ ದಾರವೇ ತಿರುಗುತ್ತದೆ. ಅಥವಾ ಯಾರ ದಿಕ್ಕನ್ನೂ ಹೇಳದ ಒಂದು ಶಾಟನ್ನು, ಲೆಕ್ಕದ ಪುಸ್ತಕದ ಮೇಲಿರುವ ಬೆರಳನ್ನು, ನಡುವೆ ಇಟ್ಟು ಆಮೇಲೆ ದಾಟಬಹುದು. ಕೊನೆಯದು ಸುಲಭದ ಉಪಾಯ, ಆದರೆ ಅದನ್ನು ಚಿತ್ರೀಕರಣದ ದಿನವೇ ತೆಗೆದಿಟ್ಟುಕೊಂಡಿರಬೇಕು.

ದಿಕ್ಕು ಸರಿಯಿದ್ದರೂ ನೋಟ ಕೂಡದಿರಲು ಇನ್ನೊಂದು ಕಾರಣವಿದೆ. ಅಣ್ಣನ ಕ್ಲೋಸಪ್ ತೆಗೆಯುವಾಗ ತಮ್ಮನ ಪಾತ್ರದ ಹುಡುಗನನ್ನು ಆಡಿಕೋ ಹೋಗು ಎಂದು ಕಳುಹಿಸಿರುತ್ತೇವೆ. ಅಣ್ಣನ ಪಾತ್ರದವನು ಗೋಡೆಯ ಮೇಲಿನ ಯಾವುದೋ ಗುರುತನ್ನು ನೋಡುತ್ತ ಮಾತು ಒಪ್ಪಿಸುತ್ತಾನೆ. ಹಾಗೆ ಮಾಡಬೇಡಿ. ಎದುರಿನ ನಟನನ್ನು ಲೆನ್ಸಿನ ಪಕ್ಕಕ್ಕೆ, ಆದಷ್ಟು ಹತ್ತಿರಕ್ಕೆ, ಪಾತ್ರದ ಎತ್ತರದಲ್ಲೇ ಕೂರಿಸಿ ಅವನ ಮಾತುಗಳನ್ನು ಅವನಿಂದಲೇ ಹೇಳಿಸಿ. ನೋಟ ಲೆನ್ಸಿಗೆ ಹತ್ತಿರವಾದಷ್ಟೂ ಮುಖದ ಒಳಗನ್ನು ಕಂಡಂತಾಗುತ್ತದೆ. ತಮ್ಮ ನಿಂತಿರುವ ದೃಶ್ಯವಾದರೆ ಅಣ್ಣ ತಲೆಯೆತ್ತಿ ನೋಡಬೇಕು. ಇಲ್ಲದಿದ್ದರೆ ಅವನು ತಮ್ಮನ ಹೊಟ್ಟೆಯೊಡನೆ ಮಾತಾಡಿದಂತೆ ಕಾಣುತ್ತದೆ.

ಇನ್ನು ಎಗರುವುದರ ಬಗ್ಗೆ. ಒಂದೇ ವ್ಯಕ್ತಿಯ ಎರಡು ಶಾಟ್‌ಗಳನ್ನು ಒಂದರ ಹಿಂದೊಂದು ಇಡುವಾಗ ಕ್ಯಾಮೆರಾ ಸುಮಾರು 30 ಡಿಗ್ರಿಯಷ್ಟಾದರೂ ಸರಿದಿರಬೇಕು, ಜೊತೆಗೆ ಚಿತ್ರದ ಗಾತ್ರವೂ ಸ್ಪಷ್ಟವಾಗಿ ಬದಲಾಗಿದ್ದರೆ ಇನ್ನೂ ಒಳ್ಳೆಯದು. ಸೊಂಟದವರೆಗಿನ ಶಾಟಿನಿಂದ ಎದೆಯವರೆಗಿನ ಶಾಟಿಗೆ, ಕೋನ ಬದಲಿಸದೆ ಹೋದರೆ ಕಣ್ಣು ಅದನ್ನು ಹೊಸ ಶಾಟ್ ಎಂದು ಒಪ್ಪುವುದಿಲ್ಲ, ತಪ್ಪೆಂದು ಓದುತ್ತದೆ. ಎರಡನೆಯ ಕಾರಣ ಕಂಟಿನ್ಯುಟಿ. ತಮ್ಮ ಕಾಫಿ ಲೋಟವನ್ನು ಯಾವ ಕೈಯಲ್ಲಿ, ಯಾವ ಮಾತಿಗೆ ಎತ್ತಿದ ಎಂದು ಒಬ್ಬರು ಬರೆದಿಟ್ಟುಕೊಂಡು, ಪ್ರತಿ ಶಾಟಿನಲ್ಲೂ ಅದನ್ನೇ ಮಾಡಿಸಬೇಕು. ಹಾಗೆ ಮಾಡಿಸಿದ್ದರೆ ಲೋಟ ಮೇಜು ಬಿಡುವುದನ್ನು ದೂರದ ಶಾಟಿನಲ್ಲಿಯೂ ಬಾಯಿಗೆ ಮುಟ್ಟುವುದನ್ನು ಹತ್ತಿರದ ಶಾಟಿನಲ್ಲಿಯೂ ಇಟ್ಟು ಕತ್ತರಿಸಬಹುದು. ಚಲನೆಯ ನಡುವೆ ಬಿದ್ದ ಕತ್ತರಿ ಯಾರಿಗೂ ಕಾಣುವುದಿಲ್ಲ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಮಾತು. ಹೊಸಬರ ಚಿತ್ರಗಳಲ್ಲಿ ಮಾತಾಡುವವನ ಮುಖವೇ ಸದಾ ತೆರೆಯ ಮೇಲಿರುತ್ತದೆ. ಒಬ್ಬನ ಮಾತು ಮುಗಿದೊಡನೆ ಇನ್ನೊಬ್ಬನಿಗೆ ಕಟ್, ಅವನದು ಮುಗಿದೊಡನೆ ಮತ್ತೆ ಇವನಿಗೆ. "ಅಣ್ಣ, ಒಂದು ಇಪ್ಪತ್ತು ಸಾವಿರ ಬೇಕಾಗಿತ್ತು" ಎಂಬ ಮಾತಿನಲ್ಲಿ ನಮಗೆ ನೋಡಬೇಕಾಗಿರುವುದು ಕೇಳುವವನ ಮುಖವನ್ನಲ್ಲ, ಕೇಳಿಸಿಕೊಂಡವನ ಮುಖವನ್ನು. ರಷ್ಯದ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ಒಂದೇ ನಟನ ಭಾವರಹಿತ ಮುಖದ ಮುಂದೆ ಒಮ್ಮೆ ಸೂಪಿನ ಬಟ್ಟಲನ್ನು, ಇನ್ನೊಮ್ಮೆ ಶವಪೆಟ್ಟಿಗೆಯನ್ನು ಜೋಡಿಸಿ ತೋರಿಸಿದಾಗ, ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರಂತೆ. ಮಕ್ಕಳ ಜೊತೆ ಕೆಲಸ ಮಾಡುವ ನಿಮಗೆ ಇದು ವರದಾನ. ಅಭಿನಯಿಸಲು ಬಾರದ ಮಗು ಸುಮ್ಮನೆ ಕೇಳಿಸಿಕೊಳ್ಳುತ್ತ ಕುಳಿತಿದ್ದರೂ ಸಾಕು. ಈಗ ನಿಮ್ಮಲ್ಲಿರುವ ಶಾಟ್‌ಗಳನ್ನೇ ಇಟ್ಟುಕೊಂಡು, ಹೊಸದೇನನ್ನೂ ತೆಗೆಯದೆ, ಅದೇ ದೃಶ್ಯವನ್ನು ಎರಡು ಬಾರಿ ಸಂಕಲನ ಮಾಡಿ: ಒಂದರಲ್ಲಿ ನೋಡುಗ ಮೊದಲನೆಯವನ ಪರವಾಗಿರಲಿ, ಇನ್ನೊಂದರಲ್ಲಿ ಎರಡನೆಯವನ ಪರವಾಗಿರಲಿ.

ಪ್ರಶ್ನೆ: ನೂರ ನಲವತ್ತು ಪುಟದ ಚಿತ್ರಕಥೆ ಬರೆದಿದ್ದೇನೆ. ಓದಿದವರೆಲ್ಲ ಕಾದಂಬರಿಯಂತಿದೆ ಎನ್ನುತ್ತಾರೆ. ಇದು ಹೊಗಳಿಕೆಯೋ ತೆಗಳಿಕೆಯೋ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ನೀವು ಕಳುಹಿಸಿದ ಮೊದಲ ಪುಟದಲ್ಲಿ "ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಅವನೊಳಗಿನ ಕಹಿ ಮಾಸಿರಲಿಲ್ಲ" ಎಂಬ ವಾಕ್ಯವಿದೆ. ಇದರಲ್ಲಿ ಕ್ಯಾಮೆರಾಮನ್ ಏನನ್ನು ತೆಗೆಯಬೇಕು? ಬಸ್ಸಿನಿಂದ ಇಳಿದವನು ಎದುರಿಗೆ ಬಂದ ಹಿರಿಯರೊಬ್ಬರನ್ನು ಗುರುತಿಸಿ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುವ ನೆಪದಲ್ಲಿ ಮುಖ ತಿರುಗಿಸಿದ ಎಂದು ಬರೆದರೆ ತೆಗೆಯಬಹುದು. ಇಪ್ಪತ್ತು ವರ್ಷದ ಲೆಕ್ಕ ಬೇಕೇ ಬೇಕೆಂದಿದ್ದರೆ ಅದನ್ನೂ ಕಣ್ಣಿಗೆ ಕಾಣುವಂತೆ ಅಥವಾ ಕಿವಿಗೆ ಕೇಳುವಂತೆ ತರಬೇಕು. ಕಾಣದ, ಕೇಳದ ವಾಕ್ಯಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಹಾಕುತ್ತ ಹೋಗಿ. ನಿಮ್ಮ ನೂರ ನಲವತ್ತು ಪುಟ ಎಷ್ಟಕ್ಕಿಳಿಯುತ್ತದೆಂದು ನೋಡಿ. ಪುಟವೊಂದಕ್ಕೆ ಒಂದು ನಿಮಿಷ ಎಂಬ ಲೆಕ್ಕ ಅಮೆರಿಕದ ಸ್ಟುಡಿಯೋಗಳ ನಮೂನೆಗೆ ಹೊಂದುವಂಥದ್ದು. ಎಡಕ್ಕೆ ಕ್ರಿಯೆ, ಬಲಕ್ಕೆ ಮಾತು ಎಂದು ಎರಡು ಅಂಕಣದಲ್ಲಿ ಬರೆಯುವ ನಮ್ಮ ಪದ್ಧತಿಗೆ ಅದು ನಂಬಿಕೆಗೆ ಅರ್ಹವಲ್ಲ. ಗಡಿಯಾರ ಇಟ್ಟುಕೊಂಡು, ನಡೆಯುವ ಕಡೆ ನಡೆದು, ಗಟ್ಟಿಯಾಗಿ ಓದಿ ಅಳೆಯಿರಿ.

ಇದಕ್ಕೆ ಒಂದು ಅಭ್ಯಾಸವಿದೆ. ಕಾದಂಬರಿಯೊಂದು ಸಿನಿಮಾ ಆಗಲಿದೆಯೆಂದು ತಿಳಿದರೆ ರಾಯ್ ಅವರು ತಾವೇ ಅದಕ್ಕೊಂದು ಚಿತ್ರಕಥೆ ಬರೆದಿಟ್ಟು, ಚಿತ್ರ ಬಂದ ಮೇಲೆ ಹೋಲಿಸಿ ನೋಡುತ್ತಿದ್ದರು. ಅದನ್ನು ನೀವು ಕನ್ನಡದಲ್ಲಿ ಮಾಡಿ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯನ್ನು ಓದಿ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನನ ಕಥೆಯದು. ಅದರ ಯಾವುದಾದರೂ ಒಂದು ಕಚೇರಿಯ ಪ್ರಸಂಗವನ್ನು ನೀವೇ ಶಾಟ್‌ಗಳಾಗಿ ವಿಂಗಡಿಸಿ ಬರೆಯಿರಿ: ತಬರನನ್ನು ಎಷ್ಟು ದೂರದಿಂದ ತೋರಿಸುತ್ತೀರಿ, ಗುಮಾಸ್ತನ ಮುಖ ಕಾಣಬೇಕೇ, ಕಾಯುವ ಹೊತ್ತನ್ನು ತೋರಿಸುವುದು ಹೇಗೆ. ಆಮೇಲೆ 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಕಾಸರವಳ್ಳಿಯವರ ಚಿತ್ರವನ್ನು ನೋಡಿ. ಮೊದಲ ಸಲ ಮಾಮೂಲಿನಂತೆ, ಎರಡನೆಯ ಸಲ ಧ್ವನಿ ತೆಗೆದು, ಕೈಯಲ್ಲಿ ಪೆನ್ಸಿಲ್ ಹಿಡಿದು. ವಿದೇಶಿ ಚಿತ್ರಗಳನ್ನು ನೋಡಲೇಬೇಕೇ ಎಂದು ಕೇಳಿದ ಇನ್ನಿಬ್ಬರು ಓದುಗರಿಗೂ ಇದೇ ಉತ್ತರ: ನೋಡಿ, ಆದರೆ ನೂರು ಚಿತ್ರಗಳನ್ನು ಒಂದೊಂದು ಸಲ ನೋಡುವುದಕ್ಕಿಂತ ಹತ್ತನ್ನು ಹತ್ತು ಸಲ ನೋಡುವವರು ಬೇಗ ಕಲಿಯುತ್ತಾರೆ.

ಪ್ರಶ್ನೆ: ಮನೆಯೊಳಗೆ ಮೊಬೈಲಿನಲ್ಲಿ ತೆಗೆದ ದೃಶ್ಯಗಳಲ್ಲಿ ಬೆಳಕು ಮಿಣಮಿಣ ಎನ್ನುತ್ತದೆ, ಮುಖ ಹಸಿರಾಗಿ ಕಾಣುತ್ತದೆ. ಲೈಟು ಬಾಡಿಗೆಗೆ ತರುವಷ್ಟು ಶಕ್ತಿಯಿಲ್ಲ.
— ಓದುಗರು, ರಾಯಚೂರು

ಉತ್ತರ: ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು, ಅದರಲ್ಲಿ ಉರಿಯುವ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ. ಶಟರ್ ವೇಗ, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳಲು ಬಿಡುವ ಹೊತ್ತು, ಇದಕ್ಕೆ ಹೊಂದದಿದ್ದರೆ ಒಂದು ಫ್ರೇಮಿಗೆ ಹೆಚ್ಚು ಬೆಳಕು, ಮುಂದಿನದಕ್ಕೆ ಕಡಿಮೆ ಬೆಳಕು ಬೀಳುತ್ತದೆ. ಹಲವು ಫೋನುಗಳು ತಾವಾಗಿಯೇ ಸೆಕೆಂಡಿಗೆ 30 ಫ್ರೇಮು ತೆಗೆಯುತ್ತವೆ. ಶಟರನ್ನು ಕೈಯಾರೆ ಹೊಂದಿಸಲು ಬಿಡುವ ಆಪ್ ಹಾಕಿಕೊಂಡು 24 ಅಥವಾ 25 ಫ್ರೇಮಿಗೆ ಇಟ್ಟು, ಶಟರನ್ನು ಐವತ್ತರಲ್ಲೊಂದು ಸೆಕೆಂಡಿಗೆ ನಿಲ್ಲಿಸಿ. ಅಗ್ಗದ ಕೆಲವು ಎಲ್ಇಡಿ ಬಲ್ಬುಗಳು ಇದಕ್ಕೂ ಬಗ್ಗುವುದಿಲ್ಲ. ಅವನ್ನು ಬದಲಿಸುವುದೊಂದೇ ದಾರಿ.

ಹಸಿರಿಗೆ ಕಾರಣ ಎರಡು ಬಗೆಯ ಬೆಳಕನ್ನು ಬೆರೆಸಿರುವುದು. ಕಿಟಕಿಯ ಹಗಲು ಬೆಳಕಿನ ಬಣ್ಣ ಒಂದು, ಟ್ಯೂಬ್‌ಲೈಟಿನದು ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ ಕ್ಯಾಮೆರಾ ಯಾರ ಮಾತು ಕೇಳಬೇಕು? ಮನೆಯ ದೀಪಗಳನ್ನೆಲ್ಲ ಆರಿಸಿ ಕಿಟಕಿಯೊಂದನ್ನೇ ನಂಬಿ. ನಟರನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳುವಾದ ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿ, ಮುಖದ ಕತ್ತಲ ಬದಿಗೆ ಒಂದು ಥರ್ಮಾಕೋಲ್ ಹಲಗೆ ಹಿಡಿಸಿ. ಹಲಗೆಯನ್ನು ಎಷ್ಟು ಹತ್ತಿರ ತಂದರೆ ಕಣ್ಣಿನ ಕೆಳಗಿನ ನೆರಳು ಎಷ್ಟು ತಿಳಿಯಾಗುತ್ತದೆ ಎಂಬುದನ್ನು ನೋಡುತ್ತ ಕಲಿಯುವ ಪಾಠವನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.

ಇದನ್ನು ಬಡವರ ಉಪಾಯವೆಂದು ಕೀಳಾಗಿ ಕಾಣಬೇಡಿ. 1956ರಲ್ಲಿ ತೆರೆಕಂಡ 'ಅಪರಾಜಿತೊ' ಚಿತ್ರಕ್ಕಾಗಿ ಸ್ಟುಡಿಯೋದೊಳಗೆ ಕಾಶಿಯ ಮನೆಯೊಂದರ ಅಂಗಳ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅದರ ಮೇಲೆ ಬಿಳಿ ಬಟ್ಟೆ ಹರಡಿ, ಕೆಳಗಿನಿಂದ ಲೈಟುಗಳನ್ನು ಅದಕ್ಕೆ ಹೊಡೆದು, ಅಲ್ಲಿಂದ ಮರಳಿ ಬೀಳುವ ಮೆತ್ತನೆಯ ಬೆಳಕಿನಲ್ಲಿ ಚಿತ್ರೀಕರಿಸಿದರು. ತೆರೆದ ಆಕಾಶದ ಬೆಳಕಲ್ಲವೆಂದು ಹೇಳಲು ಬಾರದಂತಿತ್ತು. ಮೇಲೆ ಹೇಳಿದ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದ ಹಾಡೊಂದರಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಬೀಳುವ ಬೆಳಕಿನ ಕೋಲನ್ನು ತಂದದ್ದು ದೊಡ್ಡ ಲೈಟಿನಿಂದಲ್ಲ. ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ತಂದದ್ದು. ಬಿಸಿಲು ರಾಯಚೂರಿನಲ್ಲಿ ಕಡಿಮೆಯೇನಿಲ್ಲ.

ಪ್ರಶ್ನೆ: ಸ್ಥಳದಲ್ಲೇ ಧ್ವನಿ ಮುದ್ರಿಸಬೇಕೇ, ಆಮೇಲೆ ಡಬ್ಬಿಂಗ್ ಮಾಡಿದರೆ ಸಾಲದೇ?
— ಓದುಗರು, ಮಂಗಳೂರು

ಉತ್ತರ: ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗ್‌ನಲ್ಲೇ ನಡೆದಿದೆ, ಅದಕ್ಕೊಂದು ಕೌಶಲವೂ ಇದೆ. ಆದರೆ ಕಲಿಯುವವರ ಕೈಯಲ್ಲಿ ನುರಿತ ಕಂಠಗಳಾಗಲಿ ಸ್ಟುಡಿಯೋ ಆಗಲಿ ಇರುವುದಿಲ್ಲ. ಹೊಸ ನಟರು ಡಬ್ಬಿಂಗ್ ಕೋಣೆಯಲ್ಲಿ ತಮ್ಮ ಮಾತನ್ನು ತಾವೇ ಓದಿ ಒಪ್ಪಿಸುತ್ತಾರೆ. ಸ್ಥಳದಲ್ಲೇ ಮುದ್ರಿಸಿ. ಮೈಕು ಕ್ಯಾಮೆರಾದ ಮೇಲಿರಬಾರದು. ಕೋಲಿಗೆ ಕಟ್ಟಿ, ಫ್ರೇಮಿನ ಅಂಚಿನವರೆಗೆ ಇಳಿಸಿ, ಮಾತಾಡುವವನ ಎದೆಯ ಕಡೆಗೆ ತಿರುಗಿಸಿ ಹಿಡಿಯಬೇಕು. ಫ್ಯಾನು, ಫ್ರಿಜ್ಜು ಆರಿಸಿ. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯದಂತೆ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗಿಡಿ. ಮುದ್ರಕದ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಆಡುತ್ತಿರಲಿ, ಸೊನ್ನೆ ಮುಟ್ಟಿದರೆ ಒಡೆದ ಧ್ವನಿಯನ್ನು ಯಾರೂ ಸರಿಮಾಡಲಾರರು. ಪ್ರತಿ ಜಾಗದಲ್ಲೂ ಕೆಲಸ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಅರ್ಧ ನಿಮಿಷ ಆ ಕೋಣೆಯ ಬರಿಯ ಮೌನವನ್ನು ಮುದ್ರಿಸಿಕೊಳ್ಳಿ. ಮಾತುಗಳ ನಡುವೆ ಕತ್ತರಿಸಿದ ಕಡೆಗಳಲ್ಲಿ ತುಂಬಲು ಅದೇ ಬೇಕಾಗುತ್ತದೆ. ಒಂದು ಕೋಣೆಯ ಮೌನ ಇನ್ನೊಂದಕ್ಕೆ ಹೊಂದುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಹಂಚಿನ ಮನೆಯೊಳಗೆ ಚಿತ್ರೀಕರಣ ಇಟ್ಟುಕೊಂಡಿದ್ದರೆ ಮಾತ್ರ ಡಬ್ಬಿಂಗ್‌ಗೆ ಶರಣಾಗುವುದೇ ಮೇಲು.

ಪ್ರಶ್ನೆ: ಒಂದು ಚಿತ್ರದಲ್ಲಿ ಸಹಾಯಕ ನಿರ್ದೇಶಕನಾಗಿದ್ದೇನೆ. ಕ್ಲ್ಯಾಪ್ ಹೊಡೆಯುವುದು, ಕಂಟಿನ್ಯುಟಿ ಬರೆಯುವುದು ಬಿಟ್ಟರೆ ಬೇರೇನನ್ನೂ ಕೊಡುತ್ತಿಲ್ಲ. ಸಂಬಳದ ಮಾತೂ ಇಲ್ಲ. ಬಿಡಲೇ?
— ಓದುಗ, ಬೆಂಗಳೂರು

ಉತ್ತರ: ಸಂಬಳದ ಮಾತನ್ನು ಕೆಲಸಕ್ಕೆ ಸೇರುವ ಮೊದಲೇ ಆಡಿ, ಬರಹದಲ್ಲಿ ಪಡೆಯಬೇಕು. ಈಗಲಾದರೂ ಕೋ-ಡೈರೆಕ್ಟರ್ ಬಳಿ ಮರ್ಯಾದೆಯಿಂದ ಕೇಳಿ. ಕೇಳಿದ್ದಕ್ಕೇ ತೆಗೆದುಹಾಕುವ ತಂಡವಾದರೆ ಬಿಟ್ಟದ್ದೇ ಲಾಭ. ಹಣ ಕೊಡುವುದಾದರೆ ಚಿತ್ರ ಮುಗಿಯುವವರೆಗೆ ಇರಿ, ಏಕೆಂದರೆ ನಿಮ್ಮ ಕೈಗೆ ಸಿಕ್ಕಿರುವ ಎರಡು ಕೆಲಸಗಳೂ ಸಣ್ಣವಲ್ಲ. ಕ್ಲ್ಯಾಪಿನ ಮೇಲೆ ಬರೆದ ಸೀನ್, ಶಾಟ್, ಟೇಕ್ ಸಂಖ್ಯೆಗಳೂ, ಅದರ ಪಟ್ಟಿಗಳು ಕೂಡಿದಾಗ ಬರುವ ಸದ್ದೂ ಇಲ್ಲದಿದ್ದರೆ ಚಿತ್ರವನ್ನೂ ಧ್ವನಿಯನ್ನೂ ಕೂಡಿಸುವವರು ಪರದಾಡುತ್ತಾರೆ. ಕಂಟಿನ್ಯುಟಿ ಹಾಳೆಯಲ್ಲಿ ಉಡುಪು, ಕೈಯಲ್ಲಿರುವ ವಸ್ತುಗಳ ಜೊತೆಗೆ ಲೆನ್ಸ್ ಯಾವುದು, ಕ್ಯಾಮೆರಾ ಎಷ್ಟು ದೂರದಲ್ಲಿತ್ತು, ನಿರ್ದೇಶಕರು ಯಾವ ಟೇಕನ್ನು ಏಕೆ ಒಪ್ಪಲಿಲ್ಲ ಎಂಬುದನ್ನೂ ನಿಮಗಾಗಿ ಬರೆದುಕೊಳ್ಳಿ. 35 ಎಂಎಂ ಲೆನ್ಸಿಗೂ 85 ಎಂಎಂ ಲೆನ್ಸಿಗೂ ಮುಖದ ಹಿಂದಿನ ಗೋಡೆ ಎಷ್ಟು ಹತ್ತಿರ ಬರುತ್ತದೆಂಬುದು ಹೀಗೆ ಬರೆಯುತ್ತ ಹೋದಂತೆ ಕಣ್ಣಿಗೇ ತಿಳಿಯತೊಡಗುತ್ತದೆ. ಚಿತ್ರೀಕರಣ ಮುಗಿದ ಮೇಲೆ ಸಂಕಲನದ ಕೋಣೆಯ ಮೂಲೆಯಲ್ಲಿ ಕೂರಲು ಅನುಮತಿ ಕೇಳಿ. ನಿಮ್ಮ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ನಿರ್ದೇಶಕರು ಸೆಟ್ಟಿನಲ್ಲಿ ಓಕೆ ಎಂದ ಟೇಕ್‌ಗಳಲ್ಲಿ ಎಷ್ಟು ಉಳಿದವು, ಬೇಡವೆಂದ ಯಾವ ಟೇಕಿನ ಯಾವ ತುಂಡು ಒಳಗೆ ಬಂತು ಎಂದು ಗುರುತು ಹಾಕುತ್ತ ಹೋಗಿ. ಸಂಕಲನಕಾರರಿಗೆ ಕೆಲಸದ ನಡುವೆ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ. ಊಟದ ಹೊತ್ತಿಗೆ ಕೇಳಿ.